ಜೋಡ ಹಚ್ಚುವ ಲೆಕ್ಕ

ನಮ್ಮೂರ ಜಾತ್ರೆಯ ಕುಸ್ತಿ ಕಮಿಟಿಗೆ ನನ್ನನ್ನು ಸೇರಿಸಿಕೊಂಡದ್ದು ಕುಸ್ತಿ ಬಲ್ಲವನೆಂದಲ್ಲ, ಲೆಕ್ಕ ಬಲ್ಲವನೆಂದು. ನನ್ನದು ಒಣದ್ರಾಕ್ಷಿಯ ವ್ಯಾಪಾರ. ನಮ್ಮ ಕಡೆ ಅದನ್ನು ಬೇದಾಣೆ ಅನ್ನುತ್ತಾರೆ. ತಾಸಗಾಂವ, ಸಾಂಗ್ಲಿ, ವಿಜಯಪುರದ ಪೇಟೆಗಳಲ್ಲಿ ರೈತರ ಮಾಲು ಹರಾಜಿಗಿಟ್ಟು, ದಲಾಲಿ ಕಳೆದು, ಉಳಿದದ್ದನ್ನು ಪೈಸೆ ಬಿಡದೆ ಎಣಿಸಿ ಕೊಡುವವನಿಗೆ ಜಾತ್ರೆಯ ವರ್ಗಣಿ ಬರೆದಿಡುವುದು ಯಾವ ದೊಡ್ಡ ಕೆಲಸ ಎಂದು ಹಿರಿಯರ ಲೆಕ್ಕಾಚಾರ. ನನ್ನದೂ ಅದೇ ಆಗಿತ್ತು. ಹಾಗೆ ಸೇರಿಕೊಂಡವನು ಎಷ್ಟೋ ವರ್ಷ ಎರಡು ವಹಿ ಬರೆದೆ. ಒಂದು ಅಂಗಡಿಯದು, ಇನ್ನೊಂದು ಮೈದಾನದ್ದು. ಅಂಗಡಿಯಲ್ಲಿ ಲಾಭ ಎನ್ನುವುದು ಮೈದಾನದಲ್ಲಿ ನಷ್ಟವಾಗುತ್ತಿತ್ತು, ಅಂಗಡಿಯಲ್ಲಿ ನಷ್ಟ ಎನ್ನುವುದು ಮೈದಾನದಲ್ಲಿ ಲಾಭ. ಇದು ಯಾಕೆ ಹೀಗೆ ಎಂದು ತಿಳಿಯಲು ನನಗೆ ಬಹಳ ಕಾಲ ಬೇಕಾಯಿತು.

ಜತ್ತ ತಾಲ್ಲೂಕಿನ ಪೂರ್ವಭಾಗ ಗೊತ್ತಿಲ್ಲದವರಿಗೆ ಎರಡು ಮಾತು. ಉಮದಿ, ಸಂಖ, ಮಾಡಗ್ಯಾಳ, ಗುಡ್ಡಾಪುರ ಈ ಸೀಮೆಯೆಲ್ಲ ಸಾಂಗ್ಲಿ ಜಿಲ್ಲೆಯ ನಕಾಶೆಯಲ್ಲಿದೆ. ಮನೆಯ ಮಾತು, ಸಂತೆಯ ಮಾತು, ಜಗಳದ ಮಾತು ಕನ್ನಡ. ಡಫಳೆ ಮನೆತನದ ಸಂಸ್ಥಾನವಾಗಿದ್ದ ಜತ್ತ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು, 1960ರಲ್ಲಿ ಮಹಾರಾಷ್ಟ್ರದ ಪಾಲಾಯಿತು. ನಾನು ಕಲಿತದ್ದು ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ, ವ್ಯವಹಾರ ಮಾಡಿದ್ದು ಮರಾಠಿಯಲ್ಲಿ. ಮಳೆ ನಮ್ಮನ್ನು ಮರೆತೇ ಬಿಟ್ಟ ವರ್ಷಗಳು ಬಹಳ. ಟ್ಯಾಂಕರಿನ ನೀರು ಹಾಕಿ ದ್ರಾಕ್ಷಿಬಳ್ಳಿ ಉಳಿಸಿಕೊಂಡವರಿದ್ದಾರೆ. ಅದೇ ಒಣ ಹವೆ ಬೇದಾಣೆಗೆ ವರವಾಯಿತೆನ್ನಿ. ಊರಿಗೊಂದು ಜಾತ್ರೆ, ಜಾತ್ರೆಗೊಂದು ಕುಸ್ತಿ ಮೈದಾನ. ಗುಡ್ಡಾಪುರದ ದಾನಮ್ಮನಿಗೆ ನಡೆದುಕೊಂಡು ಬರುವ ಕರ್ನಾಟಕದ ಭಕ್ತರಷ್ಟೇ ಸಲೀಸಾಗಿ ವಿಜಯಪುರ, ಅಥಣಿ, ಜಮಖಂಡಿಯ ಪೈಲ್ವಾನರು ಈ ಕಡೆ ಬರುತ್ತಾರೆ. ಆ ಕಡೆಯಿಂದ ಕೊಲ್ಹಾಪುರ, ಸಾಂಗ್ಲಿ, ಸೊಲ್ಲಾಪುರದ ತಾಲೀಮುಗಳವರು. ‘ಜಂಗಿ ನಿಕಾಲಿ ಕುಸ್ತಿ’ಯ ಹ್ಯಾಂಡಬಿಲ್ಲು ಒಂದು ಕಡೆ ಮರಾಠಿ, ಇನ್ನೊಂದು ಕಡೆ ಕನ್ನಡ. ಮೈಕು ಹಿಡಿದ ನಿವೇದಕ ಕೊಲ್ಹಾಪುರದವನನ್ನು ಮರಾಠಿಯಲ್ಲಿ ಹೊಗಳಿ, ಅದೇ ಉಸಿರಿನಲ್ಲಿ ಅಥಣಿಯವನನ್ನು ಕನ್ನಡದಲ್ಲಿ ಹೊಗಳುತ್ತಾನೆ. ಗಡಿಯ ತಕರಾರು ಕೆಂಪು ಮಣ್ಣಿನ ಹೌದದೊಳಗೆ ಇಳಿದದ್ದನ್ನು ನಾನಂತೂ ನೋಡಿಲ್ಲ.

ಬೇದಾಣೆಯ ವ್ಯಾಪಾರದಲ್ಲೂ ಎಲ್ಲವೂ ನಮ್ಮ ಕೈಯಲ್ಲಿಲ್ಲ. ರ‍್ಯಾಕಿನ ಮೇಲೆ ಹರವಿದ ದ್ರಾಕ್ಷಿಗೆ ಅಕಾಲದ ಮಳೆ ಹನಿಸಿದರೆ ಮಾಲು ಕಪ್ಪು. ಆದರೆ ಒಣಗಿ, ಗಂಧಕದ ಹೊಗೆ ಕುಡಿದು, ಆರಿಸಿ, ಪೆಟ್ಟಿಗೆಗೆ ಬಿದ್ದ ಮೇಲೆ ಅದು ಏನೋ ಅದೇ. ಖರೀದಿದಾರ ತಟ್ಟೆಯಿಂದ ಒಂದು ಮುಷ್ಟಿ ಎತ್ತಿಕೊಂಡು, ಬೆಳಕಿಗೆ ಹಿಡಿದು, ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ದರ ಕೂಗುತ್ತಾನೆ. ತಿಂದ ಮಾದರಿಯ ಮಾಲೇ ಲಾರಿಯಲ್ಲಿ ಬರಬೇಕು, ಬಾರದಿದ್ದರೆ ವಾಪಸು. ಇಂದು ದರ ಸಿಗದಿದ್ದರೆ ಕೋಲ್ಡ್ ಸ್ಟೋರೇಜಿನಲ್ಲಿಟ್ಟು ದೀಪಾವಳಿಗೆ ಮಾರಬಹುದು.

ಕುಸ್ತಿಗೆ ಮಾದರಿಯೇ ಇಲ್ಲ. ನೋಡಲು ಬಂದವನಿಗೆ ಏನು ಸಿಗುತ್ತದೆಂದು ಮೊದಲೇ ಗೊತ್ತಾದರೆ ಅವನು ಬರುವುದೇ ಇಲ್ಲ. ನಾವು ಮಾರುವ ಮಾಲೇ ‘ಗೊತ್ತಿಲ್ಲ’ ಎನ್ನುವುದು. ಅದನ್ನು ನಾಳೆಗೆ ಎತ್ತಿಡುವಂತಿಲ್ಲ, ಹಿಂದಕ್ಕೆ ಪಡೆಯುವಂತಿಲ್ಲ. ನಂಬರ್ ಒಂದರ ಕುಸ್ತಿ ಅರ್ಧ ತಾಸು ನಡೆಯಲೆಂದು ಹೌದದ ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಶಿನ, ನಿಂಬೆರಸ ಹಾಕಿ ಹದ ಮಾಡಿರುತ್ತೇವೆ, ಹಲಗಿಯವರನ್ನು ಕರೆಸಿರುತ್ತೇವೆ, ಸುತ್ತ ಹತ್ತೂರಿನ ಜನ ಮಧ್ಯಾಹ್ನದಿಂದ ಬಿಸಿಲಿನಲ್ಲಿ ಕೂತಿರುತ್ತಾರೆ. ಕೈ ಕೂಡಿದ ಕ್ಷಣದಲ್ಲೇ ಒಬ್ಬ ಢಾಕ್ ಪಟ್ಟು ಹಾಕಿ ಇನ್ನೊಬ್ಬನನ್ನು ಚಿತ್ ಮಾಡಿಬಿಟ್ಟರೆ ಮುಗಿಯಿತು. ಪಟಿಯಾಲದ ಮಹಾರಾಜರಿಗೇ ಈ ಗತಿ ತಪ್ಪಲಿಲ್ಲ. 1910ರಲ್ಲಿ ಲಂಡನ್ನಿನಲ್ಲಿ ಗಾಮಾ ಪೈಲ್ವಾನ ಮತ್ತು ಪೋಲೆಂಡಿನ ಝ್ಬಿಸ್ಕೊ ಎರಡೂವರೆ ತಾಸಿಗೂ ಮೀರಿ ಹಿಡಿದು ಬರಾಬರಿಯಲ್ಲಿ ಮುಗಿಸಿದ್ದರು. ಅದೇ ಜೋಡಿಯನ್ನು 1928ರ ಜನವರಿಯಲ್ಲಿ ಪಟಿಯಾಲದಲ್ಲಿ ಭಾರಿ ಮೈದಾನ ಕಟ್ಟಿ ಮತ್ತೆ ಕೂಡಿಸಿದರೆ, ಒಂದು ನಿಮಿಷ ತುಂಬುವುದರೊಳಗೆ ಗಾಮಾ ಗೆದ್ದುಬಿಟ್ಟ. ದೂರದಿಂದ ಬಂದು ಕೂತ ಸಾವಿರಾರು ಮಂದಿ ಕಣ್ಣು ಮಿಟುಕಿಸಿದ್ದೇ ಬಂತು. ಆದರೂ ಆ ಕುಸ್ತಿಯ ಕಥೆ ಇಂದಿಗೂ ಪ್ರತಿ ತಾಲೀಮಿನಲ್ಲಿ ಹೇಳುತ್ತಾರೆ. ಯಾವ ಕಾರಖಾನೆಯವನು ಇಂಥ ಮಾಲಿಗೆ ಜವಾಬ್ದಾರಿ ಬರೆದುಕೊಟ್ಟಾನು?

ಕಮಿಟಿಯವರ ಕೈಯಲ್ಲಿ ಉಳಿಯುವುದು ಒಂದೇ ಕೆಲಸ: ಜೋಡ ಹಚ್ಚುವುದು. ಯಾರನ್ನು ಯಾರ ಎದುರು ನಿಲ್ಲಿಸಬೇಕು ಎಂಬುದು. ದೊಡ್ಡ ಕುಸ್ತಿಗಳನ್ನು ತಿಂಗಳ ಮೊದಲೇ ಗೊತ್ತುಮಾಡಿ ಹ್ಯಾಂಡಬಿಲ್ಲಿನಲ್ಲಿ ಅಚ್ಚು ಹಾಕಿಸುತ್ತಾರೆ. ಉಳಿದವನ್ನು ಅಂದೇ ಬೆಳಿಗ್ಗೆ ದೇವರ ಗುಡಿಯ ಮುಂದೆ ಗೊತ್ತು ಮಾಡುವುದು. ಹೆಸರು ಬರೆಸಲು ಬಂದ ಹುಡುಗರು ಅಂಗಿ ಕಳಚಿ ಸಾಲಾಗಿ ನಿಲ್ಲುತ್ತಾರೆ. ನಮ್ಮ ವಸ್ತಾದರು, ಕೊಲ್ಹಾಪುರದ ತಾಲೀಮಿನಲ್ಲಿ ಮೈ ಸವೆಸಿ ಬಂದವರು, ಮುರಿದು ಗಂಟುಕಟ್ಟಿದ ಕಿವಿಯವರು, ಒಬ್ಬೊಬ್ಬರ ಹೆಗಲು ಮುಟ್ಟಿ, ಕುತ್ತಿಗೆಯ ಹಿಂದೆ ಕೈಯಿಟ್ಟು ಒಮ್ಮೆ ಕೆಳಗೆ ಒತ್ತಿ ಮುಂದೆ ಹೋಗುತ್ತಿದ್ದರು. ಮೊದಲ ವರ್ಷ ನಾನು ಅಂಗಡಿಯ ಬುದ್ಧಿಯಿಂದ ಒಂದು ತೂಕದ ಯಂತ್ರ ತಂದಿಟ್ಟಿದ್ದೆ. ಅವರು ಅದರ ಕಡೆ ನೋಡಲೂ ಇಲ್ಲ.

“ತಮ್ಮಾ, ತೂಕಾ ಮಾಡಾಕ ತಕ್ಕಡಿ ಐತಿ, ಅದಕ್ಕ ನಾ ಯಾಕ ಬೇಕು?” ಎಂದರು. “ಇವಾ ಎಷ್ಟು ಮಂದೀನ್ನ ಒಗದಾನ ಅನ್ನೂದೂ ಬ್ಯಾಡ ನನಗ. ಯಾರ ಕೈಯಾಗ ಬಿದ್ದಾನ, ಬಿದ್ದ ಮ್ಯಾಲ ಮತ್ತ ತಾಲೀಮಿಗೆ ಹೋಗ್ಯಾನೋ ಇಲ್ಲೋ, ಅಷ್ಟು ಹೇಳು.”

“ಅದನ್ನ ಯಾರ‍್ನ ಕೇಳಬೇಕ್ರೀ ಕಾಕಾ?”

“ಅವನ್ನ ಒಗದಾಂವನ್ನ ಕೇಳು.”

ಗೆದ್ದವನಿಂದಲೇ ಸೋತವನ ಬೆಲೆ ತಿಳಿಯಬೇಕು ಎಂಬ ಈ ಮಾತು ಯಾವ ಪೇಟೆಯಲ್ಲೂ ನಡೆಯುವುದಲ್ಲ. ನನ್ನ ಪಕ್ಕದ ಅಡತಿ ಅಂಗಡಿಯವನ ಮಾಲು ಹೇಗಿದೆ ಎಂದು ಯಾರಾದರೂ ನನ್ನನ್ನು ಕೇಳಿದರೆ ನಾನು ನಕ್ಕು ಸುಮ್ಮನಾಗುವವನು.

ಜೋಡ ಹಚ್ಚುವುದರ ನಿಜವಾದ ಪಾಠ ಆದದ್ದು ನಮ್ಮೂರ ಹುಡುಗನೊಬ್ಬನ ವಿಷಯದಲ್ಲಿ. ಕೂಲಿಕಾರರ ಮನೆಯವನು, ಕೊಲ್ಹಾಪುರಕ್ಕೆ ಹೋಗಿ ಮೂರ್ನಾಲ್ಕು ವರ್ಷದಲ್ಲಿ ಒಳ್ಳೆಯ ಹೆಸರು ಮಾಡಿದ್ದ. ಅವನ ಕುಸ್ತಿ ಈ ಸಲ ನಂಬರ್ ಒಂದಕ್ಕೆ ಇರಬೇಕೆಂದು ಇಡೀ ಊರು ಅಂದಿತು. ಇನಾಮಿನ ಹಣ ಕೊಡುವ ದೊಡ್ಡ ಮನುಷ್ಯರು ಒಂದು ಷರತ್ತು ಇಟ್ಟರು: “ನಮ್ಮ ಹುಡುಗ ನಮ್ಮ ಜಾತ್ರ್ಯಾಗ ಬೀಳಬಾರದು.” ಯಾರನ್ನು ತರಬೇಕೆಂಬುದನ್ನೂ ಅವರೇ ಗೊತ್ತುಮಾಡಿದರು. ವಸ್ತಾದರು ಎರಡು ಸಲ ಬೇಡ ಎಂದರು, ಮೂರನೆಯ ಸಲ ಎದ್ದು ಹೊರಗೆ ಹೋಗಿ ಬೀಡಿ ಹಚ್ಚಿದರು. ಕಮಿಟಿಯಲ್ಲಿ ಹಣ ಕೊಡುವವರ ಮಾತು ನಡೆಯಿತು. ಹಾಗೆ ನೋಡಿದರೆ ಅದು ವ್ಯಾಪಾರದ ಕಣ್ಣಿಗೆ ಸರಿಯಾದ ನಿರ್ಧಾರವೇ. ಗಿರಾಕಿಗೆ ಏನು ಬೇಕೋ ಅದನ್ನು ಕೊಡು ಅನ್ನುತ್ತಾರಲ್ಲ. ನಮ್ಮ ಹುಡುಗ ಗೆಲ್ಲಬೇಕು ಎಂಬುದೇ ಗಿರಾಕಿಯ ಬಯಕೆ.

ಹುಡುಗ ಗೆದ್ದ. ಹಲಗಿಯ ಚರ್ಮ ಕಾಯುವ ಮೊದಲೇ ಗೆದ್ದ. ಗುಲಾಲು ಹಾರಿಸಿದರು, ಬೆಳ್ಳಿ ಗದೆ ಕೊಟ್ಟು ಹೆಗಲ ಮೇಲೆ ಹೊತ್ತರು. ಆದರೆ ಪರವೂರಿನವರು ಮೊದಲು ಎದ್ದರು, ಅವರ ಹಿಂದೆ ನಮ್ಮವರೂ ಎದ್ದರು. ಚಹಾದ ಅಂಗಡಿಯಲ್ಲಿ ಆ ಕುಸ್ತಿಯ ಮಾತು ಒಂದು ಸಂಜೆಯೂ ನಡೆಯಲಿಲ್ಲ. ಗೆದ್ದವನೇ ಮುಖ ತಗ್ಗಿಸಿಕೊಂಡು ಓಡಾಡುತ್ತಿದ್ದ; ತಾಲೀಮಿನ ಜೊತೆಗಾರರು ಏನಂದರೋ. ಮುಂದಿನ ವರ್ಷ ವರ್ಗಣಿಗೆ ಹೊರಟಾಗ ನನ್ನ ವಹಿ ಮಾತಾಡಿತು. ಮಳೆ ಹಿಂದಿನ ವರ್ಷಕ್ಕಿಂತ ಚೆನ್ನಾಗಿತ್ತು, ದ್ರಾಕ್ಷಿಗೆ ದರವಿತ್ತು, ವರ್ಗಣಿ ಮಾತ್ರ ಕಡಿಮೆ. “ಹೋದ ವರ್ಷ ಏನ್ ನೋಡಿದಿವ್ರೀ?” ಎಂದು ಬಾಗಿಲಲ್ಲೇ ನಿಲ್ಲಿಸಿ ಕೇಳಿದರು.

ಆ ಸಲ ವಸ್ತಾದರು ಯಾರನ್ನೂ ಕೇಳದೆ ಕೊಲ್ಹಾಪುರಕ್ಕೆ ಬಸ್ಸು ಹತ್ತಿದರು. ಹುಡುಗನಿಗಿಂತ ಒಂದು ಕೈ ಮೇಲೆಯೇ ಇದ್ದ ಪೈಲ್ವಾನನನ್ನು ಗೊತ್ತುಮಾಡಿಕೊಂಡು ಬಂದರು. ಕುಸ್ತಿ ಹೊತ್ತು ಮುಳುಗುವ ತನಕ ನಡೆಯಿತು. ಹುಡುಗ ಎರಡು ಸಲ ಕೆಳಗಿನಿಂದ ಬಿಡಿಸಿಕೊಂಡು ಎದ್ದ. ಎರಡನೆಯ ಸಲ ಎದ್ದಾಗ ಮಾಳಿಗೆಯ ಮೇಲಿದ್ದ ಹೆಂಗಸರು ಕೂಗಿದ್ದು ಮೈಕಿಗಿಂತ ಜೋರಾಗಿ ಕೇಳಿಸಿತು. ಕೊನೆಗೆ ಕೊಲ್ಹಾಪುರದವನು ಘಿಸ್ಸಾ ಪಟ್ಟು ಹಾಕಿ ಅವನ ಬೆನ್ನನ್ನು ಮಣ್ಣಿಗೆ ಹಚ್ಚಿದ. ನಮ್ಮ ಹುಡುಗ ನಮ್ಮ ಜಾತ್ರೆಯಲ್ಲೇ ಬಿದ್ದ. ಆಗ ಆದದ್ದು ನಾನು ಎಣಿಸದೇ ಇದ್ದದ್ದು. ಜನ ಸೋತವನ ಸುತ್ತ ನೆರೆದು ಅವನ ಕೈಗೆ ನೋಟು ತುರುಕತೊಡಗಿದರು. ಹತ್ತರದು, ಐವತ್ತರದು, ನೂರರದು. ಅವನು ಹಿಡಿಯಲಾರದೆ ನನ್ನ ಟಾವೆಲ್ಲಿಗೆ ಹಾಕಿದ, ನಾನು ಗಂಟು ಕಟ್ಟಿ ಕೊಟ್ಟೆ. ಗೆದ್ದವನ ಇನಾಮಿನಷ್ಟು ಅದು ಆಗಲಿಲ್ಲ. ಆದರೆ ಹಿಂದಿನ ವರ್ಷ ಗೆದ್ದಾಗ ಯಾರೂ ಅವನಿಗೆ ಕೈಯಿಂದ ಒಂದು ರೂಪಾಯಿ ಕೊಟ್ಟಿರಲಿಲ್ಲ. ಮರುವರ್ಷದ ವರ್ಗಣಿ ಕೇಳದೆಯೇ ಬಂತು. ಇನಾಮು ಕೊಡುವ ದೊಡ್ಡವರೂ ಷರತ್ತಿನ ಮಾತೆತ್ತಲಿಲ್ಲ.

ಪುಣೆಯಲ್ಲಿ ಕ್ರೀಡಾ ನಿರ್ವಹಣೆ ಎಂಬ ವಿಷಯವನ್ನೇ ಓದಿದ ನನ್ನ ತಂಗಿಯ ಮಗ ಒಮ್ಮೆ ಜಾತ್ರೆಗೆ ಬಂದಾಗ ಈ ಕಥೆ ಕೇಳಿ, “ಮಾಮಾ, ಇದನ್ನು ಅಮೆರಿಕದಲ್ಲಿ ಪುಸ್ತಕ ಮಾಡಿದ್ದಾರೆ” ಎಂದ. ಬೇಸ್‌ಬಾಲ್ ಆಟಗಾರರ ಕೂಲಿಯ ಬಗ್ಗೆ ಬರೆಯುತ್ತ ಸೈಮನ್ ರಾಟನ್‌ಬರ್ಗ್ ಎಂಬ ಅರ್ಥಶಾಸ್ತ್ರಜ್ಞ 1956ರಲ್ಲೇ, ಫಲಿತಾಂಶ ಅನಿಶ್ಚಿತವಾಗಿದ್ದರೆ ಮಾತ್ರ ಜನ ದುಡ್ಡು ಕೊಟ್ಟು ನೋಡುತ್ತಾರೆ ಎಂದಿದ್ದನಂತೆ. 1964ರಲ್ಲಿ ವಾಲ್ಟರ್ ನೀಲ್ ಇದನ್ನೇ ಇನ್ನೂ ಬಿಡಿಸಿ ಹೇಳಿದ. ಅವನ ಉದಾಹರಣೆ ಜೋ ಲೂಯಿ ಎಂಬ ಮುಷ್ಟಿಯುದ್ಧದ ಜಟ್ಟಿ. ಬೇರೆ ಧಂದೆಯವನಿಗೆ ಎದುರಾಳಿಗಳೆಲ್ಲ ಸತ್ತು ತಾನೊಬ್ಬನೇ ಉಳಿದರೆ ಅದಕ್ಕಿಂತ ಭಾಗ್ಯವಿಲ್ಲ. ಜೋ ಲೂಯಿಗೆ ಎದುರಾಳಿಯೇ ಇಲ್ಲವಾದರೆ ಅವನಿಗೆ ದುಡಿಮೆಯೇ ಇಲ್ಲ. ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್ 1936ರಲ್ಲಿ ಲೂಯಿಯನ್ನು ಕೆಡವಿದ್ದರಿಂದಲೇ 1938ರ ಅವರ ಮರುಪಂದ್ಯಕ್ಕೆ ನ್ಯೂಯಾರ್ಕಿನ ಯಾಂಕೀ ಕ್ರೀಡಾಂಗಣದಲ್ಲಿ ಎಪ್ಪತ್ತು ಸಾವಿರದಷ್ಟು ಜನ ಸೇರಿದ್ದು. ಅದೂ ಮೊದಲ ಸುತ್ತಿನಲ್ಲೇ ಮುಗಿಯಿತು, ಅದು ಬೇರೆ ಮಾತು. ಈ ಸಲ ಗೆದ್ದವನು ಲೂಯಿ.

ನನ್ನ ಅಂಗಡಿಯ ಲೆಕ್ಕಕ್ಕೆ ಹಚ್ಚಿ ನೋಡಿದೆ. ಪಕ್ಕದ ಅಡತಿಯವನು ಬಾಗಿಲು ಹಾಕಿದರೆ ಅವನ ರೈತರು ನನ್ನ ಕಡೆ ಬರುತ್ತಾರೆ. ನಾಲ್ಕು ಜನರೆದುರು ಅಯ್ಯೋ ಎಂದರೂ ಒಳಗೆ ಖುಷಿಯೇ. ಕುಸ್ತಿಯಲ್ಲಿ ಎದುರಿನ ಊರಿನ ತಾಲೀಮು ಮುಚ್ಚಿದರೆ ನಮ್ಮ ಮೈದಾನವೂ ಮುಚ್ಚಿದ ಹಾಗೆ. ಕ್ರಿಕೆಟ್ಟಿನ ದೊಡ್ಡ ವ್ಯಾಪಾರದಲ್ಲೂ ಇದೇ ಸೂತ್ರ. ಐಪಿಎಲ್‌ನಲ್ಲಿ ಯಾವ ತಂಡದ ಮಾಲೀಕ ಎಷ್ಟೇ ಸಿರಿವಂತನಾದರೂ ಆಟಗಾರರನ್ನು ಕೊಳ್ಳಲು ಎಲ್ಲರಿಗೂ ಒಂದೇ ಗಂಟು. 2025ರ ಹರಾಜಿಗೆ ಅದು ತಂಡಕ್ಕೆ 120 ಕೋಟಿ ರೂಪಾಯಿ. 2023ರಿಂದ 2027ರವರೆಗಿನ ಪ್ರಸಾರದ ಹಕ್ಕು 48,390 ಕೋಟಿಗೆ ಹೋಯಿತು. ಅದನ್ನು ತಂಡಗಳು ಬೇರೆಬೇರೆಯಾಗಿ ಮಾರಲಿಲ್ಲ; ಕ್ರಿಕೆಟ್ ಮಂಡಳಿ ಒಟ್ಟಾಗಿ ಮಾರಿ ತಂಡಗಳಿಗೂ ಪಾಲು ಹಂಚುತ್ತದೆ. ಪೇಟೆಯಲ್ಲಿ ವ್ಯಾಪಾರಿಗಳೆಲ್ಲ ಹೀಗೆ ಒಟ್ಟುಗೂಡಿ ಕೊಳ್ಳುವ ಮಿತಿ ಕಟ್ಟಿಕೊಂಡರೆ ಅದಕ್ಕೆ ಸಂಚು ಎಂದು ಕೇಸು ಬೀಳುತ್ತದೆ. ಆಟದಲ್ಲಿ ಅದನ್ನೇ ನಿಯಮ ಅನ್ನುತ್ತಾರೆ. ಮುಂಬೈ ತಂಡ ಚೆನ್ನೈಯನ್ನು ದಿವಾಳಿ ಎಬ್ಬಿಸಿದರೆ ಆಡುವುದು ಯಾರ ಜೊತೆ?

ಅಳಿಯನ ಪುಸ್ತಕದಲ್ಲಿ ಇಲ್ಲದ್ದೂ ಒಂದಿದೆ. ಐಪಿಎಲ್‌ಗೆ ಮಂಡಳಿ ಇದೆ, ವರ್ಷವಿಡೀ ಲೆಕ್ಕ ಇಡುವ ಸಂಬಳದ ಜನ ಇದ್ದಾರೆ. ಜಾತ್ರೆಯ ಮೈದಾನಗಳಿಗೆ ಅಂಥ ಯಜಮಾನರಿಲ್ಲ. ಇವತ್ತು ನಮ್ಮಲ್ಲಿ ಹಿಡಿದ ಜೋಡಿ ನಾಳಿದ್ದು ಎರಡು ಹರದಾರಿ ಆಚೆಯ ಜಾತ್ರೆಯಲ್ಲಿ ಮತ್ತೆ ಹಿಡಿಯಬಹುದು. ಅವರಿಬ್ಬರೂ ಒಂದೇ ಜೀಪಿನಲ್ಲಿ ಹೋಗುತ್ತಾರೆಂದು ಯಾರೋ ನೋಡಿದರೆ ಸಾಕು, ‘ನೂರಾ ಕುಸ್ತಿ’ ಎಂಬ ಮಾತು ಹುಟ್ಟುತ್ತದೆ. ಒಳಗೊಳಗೇ ಮಾತಾಡಿಕೊಂಡು ಆಡುವ ಸುಳ್ಳು ಕುಸ್ತಿಗೆ ಹಾಗನ್ನುತ್ತಾರೆ. ಬೇದಾಣೆಯ ಪೆಟ್ಟಿಗೆಯಲ್ಲಿ ಕೆಟ್ಟ ಮಾಲು ಬಂದರೆ ದರ ಇಳಿಸಿ ಹೊಂದಿಸಬಹುದು. ಕುಸ್ತಿಯಲ್ಲಿ ಅನುಮಾನ ಹುಟ್ಟಿದ ಮೇಲೆ ಇಳಿಸುವುದಕ್ಕೆ ದರವೇ ಉಳಿದಿರುವುದಿಲ್ಲ. ನಮ್ಮ ಹಿರಿಯರು ಇದಕ್ಕೆ ಮಾಡಿದ ಉಪಾಯ ಸರಳ. ಬರಾಬರಿ ಬಿಟ್ಟರೆ ಪೂರ್ತಿ ಇನಾಮು ಇಲ್ಲ, ಅರ್ಧವನ್ನೇ ಇಬ್ಬರಿಗೆ ಹಂಚುವುದು. ಇಬ್ಬರೂ ಸುಮ್ಮನೆ ಕುತ್ತಿಗೆ ಹಿಡಿದು ಸುತ್ತುತ್ತಿದ್ದರೆ ಪಂಚರು ಎಚ್ಚರಿಸುತ್ತಾರೆ. ಈಗೀಗ ಹೊತ್ತು ಮುಗಿದ ಮೇಲೆ ಅಂಕದ ಮೇಲೆ ಬಿಡಿಸುವ ಪದ್ಧತಿಯೂ ಬಂದಿದೆ. ಹಳಬರಿಗೆ ಇದು ಸೇರುವುದಿಲ್ಲ. ಬೆನ್ನು ಮಣ್ಣಿಗೆ ಹತ್ತದೆ ಸೋಲು ಎಂಥದ್ದು ಎಂದು ಕೇಳುತ್ತಾರೆ. ನನಗೂ ಅವರ ಮಾತೇ ಸರಿ ಅನ್ನಿಸುತ್ತದೆ. ಆದರೆ ಪಂಚರ ಕಷ್ಟ ದೊಡ್ಡದು. 2025ರ ಫೆಬ್ರುವರಿಯಲ್ಲಿ ಅಹಿಲ್ಯಾನಗರದ ಮಹಾರಾಷ್ಟ್ರ ಕೇಸರಿಯಲ್ಲಿ, ಬೆನ್ನು ಹತ್ತಿತೋ ಇಲ್ಲವೋ ಎಂಬ ತೀರ್ಪಿನ ಮೇಲೆ ಎದ್ದ ಗಲಾಟೆಯನ್ನು ಇಡೀ ರಾಜ್ಯ ಟೀವಿಯಲ್ಲಿ ನೋಡಿತು. ಕ್ಷಣಮಾತ್ರದ ಒಂದು ನೋಟದ ಮೇಲೆ ಹುಡುಗನೊಬ್ಬನ ಹತ್ತು ವರ್ಷದ ಖುರಾಕು ನಿಂತಿರುತ್ತದೆ.

ಇನ್ನು ಮೈದಾನದ ಮಾಲೀಕರು ಯಾರು? ಎಲ್ಲರೂ. ಅಂಗಡಿಯಲ್ಲಿ ಹಮಾಲ ತಡವಾಗಿ ಬಂದರೆ ಒಂದು ಮಾತು ಅನ್ನಬಹುದು. ಕಮಿಟಿಯಲ್ಲಿ ಮೈಕು ಕಟ್ಟುವವನಿಗೆ, ಹೌದ ಅಗೆಯುವವನಿಗೆ, ಪರವೂರ ಪೈಲ್ವಾನರಿಗೆ ತಮ್ಮ ಮನೆಯಲ್ಲಿ ಊಟ ಹಾಕುವವನಿಗೆ ಸಂಬಳವೂ ಇಲ್ಲ, ಯಜಮಾನನೂ ಇಲ್ಲ. ನೂರು ರೂಪಾಯಿ ವರ್ಗಣಿ ಕೊಟ್ಟವನು ಸಾವಿರ ರೂಪಾಯಿಯ ಸಲಹೆ ಕೊಡುತ್ತಾನೆ. ಗಂಧಕದ ಹೊಗೆ ಎಷ್ಟು ತಾಸು ಕೊಡಬೇಕೆಂದು ಹೇಳಲು ನನ್ನ ಶೆಡ್ಡಿಗೆ ಇದುವರೆಗೆ ಯಾರೂ ಬಂದಿಲ್ಲ. ಜೋಡ ಹೇಗೆ ಹಚ್ಚಬೇಕಿತ್ತು ಎಂದು ಹೇಳುವವರು ಕ್ಷೌರದ ಅಂಗಡಿಯಿಂದ ಹಿಡಿದು ಗ್ರಾಮಪಂಚಾಯಿತಿಯವರೆಗೆ ಇದ್ದಾರೆ. ಜಾತ್ರೆ ಮುಗಿದ ಮೇಲೆ ಗುಡಿಯ ಕಟ್ಟೆಯಲ್ಲಿ ಕೂತು ಜಮಾಖರ್ಚು ಓದುವಾಗ ನಿಂಬೆಹಣ್ಣಿನ ಖರ್ಚಿಗೂ ಉತ್ತರ ಹೇಳಬೇಕು. ಮೊದಮೊದಲು ಇದು ನನಗೆ ಕಿರಿಕಿರಿ. ಬರಬರುತ್ತ ತಿಳಿಯಿತು: ಈ ತಕರಾರು ಮಾಡುವವನೇ ನಾಳೆ ಮಳೆ ಬಂದು ಹೌದ ಕೆಸರಾದರೆ ರಾತ್ರಿಯೆಲ್ಲ ಬುಟ್ಟಿಯಲ್ಲಿ ಮಣ್ಣು ಹೊರುವವನು. ಅವನಿಗೆ ಅದು ನನ್ನ ಮೈದಾನವಲ್ಲ, ಅವನದು.

ಈ ನಿಷ್ಠೆಯನ್ನು ನೋಡಿ ಬೇರೆ ಧಂದೆಯವರು ಹೊಟ್ಟೆ ಉರಿದುಕೊಳ್ಳಬೇಕು. 2008ರಲ್ಲಿ ಶುರುವಾದ ಐಪಿಎಲ್‌ನಲ್ಲಿ ಬೆಂಗಳೂರಿನ ತಂಡ ಮೊದಲ ಸಲ ಕಪ್ ಗೆದ್ದದ್ದು 2025ರ ಜೂನ್ 3ರಂದು, ಹದಿನೆಂಟನೆಯ ಹಂಗಾಮಿನಲ್ಲಿ. ಅಲ್ಲಿಯವರೆಗೆ ಪ್ರತಿ ವರ್ಷ ಕೊಟ್ಟ ಮಾತು ಮುರಿದ ಕಂಪನಿಯನ್ನು ಗಿರಾಕಿಗಳು ಬಿಡಲಿಲ್ಲ. ಮಕ್ಕಳಿಗೂ ಅದೇ ಕೆಂಪು ಅಂಗಿ ತೊಡಿಸಿದರು. ನನ್ನ ಬೇದಾಣೆ ಎರಡು ವರ್ಷ ಹುಳಿಯಾದರೆ ನನ್ನ ಸೋದರಮಾವನೇ ಬೇರೆ ಅಂಗಡಿಗೆ ಹೋಗುತ್ತಾನೆ. ಆದರೆ ಅದೇ ನಿಷ್ಠೆಯನ್ನು ಗಿರಾಕಿಯ ಹಾಗೆ ಎಣಿಸಿದರೆ ಏನಾಗುತ್ತದೆಂಬುದೂ ಮರುದಿನವೇ ಕಂಡಿತು. ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಸಂತೆಯ ಜನ ಕೊಳ್ಳಲು ಬೆಳಗಿನಿಂದ ಸಂಜೆಯವರೆಗೆ ಹಂಚಿಕೊಂಡು ಬರುತ್ತಾರೆ. ಆಟದ ಜನ ಒಂದೇ ಗಳಿಗೆಗೆ, ಒಂದೇ ಬಾಗಿಲಿಗೆ ಬರುತ್ತಾರೆ, ತಮ್ಮ ಮನೆಗೇ ಬಂದ ಹಕ್ಕಿನಿಂದ ಬರುತ್ತಾರೆ. ನಮ್ಮಲ್ಲಿ ಬೇವಿನ ಮರದ ಟೊಂಗೆ ಮುರಿದು ಜನ ಬಿದ್ದ ವರ್ಷದಿಂದ ಮರ ಹತ್ತುವುದನ್ನು ನಿಲ್ಲಿಸಿದೆವು. ಅದಕ್ಕೆ ವಸ್ತಾದರ ಮಾತೇ ಬೇಕಾಯಿತು; ಕಮಿಟಿಯ ಚೀಟಿಗೆ ಯಾರೂ ಇಳಿದಿರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಹೇಳಲೇಬೇಕಾದ ಒಂದು ಸಂಗತಿ ಉಳಿದಿದೆ. ಅದರ ಬಗ್ಗೆ ಮೈದಾನದವರು ಮಾತಾಡುವುದು ಕಡಿಮೆ. ಬೇದಾಣೆಯ ವ್ಯಾಪಾರಿ ರೈತನಿಗೆ ಮುಂಗಡ ಕೊಡುತ್ತಾನೆ, ಔಷಧಿಗೆ ಸಾಲ ಕೊಡುತ್ತಾನೆ, ಯಾಕೆಂದರೆ ಬಳ್ಳಿ ಒಣಗಿದರೆ ಅವನಿಗೂ ಮಾಲಿಲ್ಲ. ಕುಸ್ತಿಯಲ್ಲಿ ಮಾಲು ಬೆಳೆಸುವವರು ಬೇರೆ, ಮೈದಾನ ತುಂಬಿಸಿಕೊಳ್ಳುವವರು ಬೇರೆ. ಒಬ್ಬ ಪೈಲ್ವಾನನ ಹಾಲು, ತುಪ್ಪ, ಬಾದಾಮಿಯ ಖರ್ಚಿಗೆ ಮನೆಯ ಎಮ್ಮೆ ಮಾರಿದವರನ್ನು ನಾನು ಬಲ್ಲೆ. ನಾವು ಕೊಡುವುದು ಒಂದು ಸಂಜೆಯ ಇನಾಮು. ಹಿಂದೆ ರಾಜರಿದ್ದರು. ಶಾಹು ಮಹಾರಾಜರು ಕೊಲ್ಹಾಪುರದಲ್ಲಿ ಪೈಲ್ವಾನರನ್ನು ಸಾಕಿ, 1912ರಲ್ಲಿ ಖಾಸಬಾಗ ಮೈದಾನ ಕಟ್ಟಿಸಿದರು. ಆ ಕೊಲ್ಹಾಪುರದಲ್ಲಿ ತಯಾರಾದ ನಮ್ಮ ಕನ್ನಡ ಸೀಮೆಯ ಯಕ್ಸಂಬಾದ ಶ್ರೀಪತಿ ಖಂಚನಾಳೆ 1959ರಲ್ಲಿ ಹಿಂದ್ ಕೇಸರಿಯಾದರು. ನಮ್ಮದೇ ಜಿಲ್ಲೆಯ ಕವಠೆ ಪಿರಾನಿನ ಮಾರುತಿ ಮಾನೆ 1962ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಪದಕ ಗೆದ್ದು ಬಂದರು. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಒಲಿಂಪಿಕ್ ಪದಕ ಮೊದಲು ತಂದ ಖಾಶಾಬಾ ಜಾಧವ 1952ರಲ್ಲಿ ಹೆಲ್ಸಿಂಕಿಗೆ ಹೋಗಲು ಊರವರು ಚಂದಾ ಎತ್ತಿದರು, ಕೊಲ್ಹಾಪುರದ ರಾಜಾರಾಮ ಕಾಲೇಜಿನ ಪ್ರಾಂಶುಪಾಲರು ತಮ್ಮ ಮನೆಯನ್ನೇ ಒತ್ತೆಯಿಟ್ಟರು. ರಾಜರು ಹೋದ ಮೇಲೆ ಆ ಜಾಗಕ್ಕೆ ಬರಬೇಕಾದವರು ನಾವು, ಜಾತ್ರೆಯವರು. ಪೂರ್ತಿ ಬಂದಿಲ್ಲ.

ಎದುರಾಳಿಗಳನ್ನು ಬೆಳೆಸದಿದ್ದರೆ ಏನಾಗುತ್ತದೆಂದು ಹುಡುಗಿಯರ ಕುಸ್ತಿಯಲ್ಲಿ ಕಂಡೆ. 2023ರ ಮಾರ್ಚಿನಲ್ಲಿ ಮಹಿಳೆಯರ ಮೊದಲ ಮಹಾರಾಷ್ಟ್ರ ಕೇಸರಿ ಸಾಂಗ್ಲಿಯಲ್ಲೇ ನಡೆದು, ಸಾಂಗ್ಲಿಯವಳೇ ಆದ ಪ್ರತೀಕ್ಷಾ ಬಾಗಡಿ ಗೆದ್ದಳು. ಆ ವರ್ಷ ನಮ್ಮೂರಲ್ಲೂ ಹುಡುಗಿಯರ ಕುಸ್ತಿ ಇಡಬೇಕೆಂದು ಶಾಲೆಯ ಶಿಕ್ಷಕಿಯರು ಪಟ್ಟುಹಿಡಿದರು. ಹಿರಿಯರ ಗೊಣಗಾಟ ಎರಡು ಸಭೆಯಲ್ಲಿ ಮುಗಿಯಿತು. ಇನಾಮಿಗೆ ಹಣವೂ ಬಂತು. ಬಂದದ್ದು ಮಾತ್ರ ಒಬ್ಬಳೇ ಹುಡುಗಿ, ಪಕ್ಕದ ವಸತಿಯ ಕುರುಬರ ಮನೆಯವಳು, ಅಪ್ಪನ ಜೊತೆ. ಅವಳಿಗೆ ಜೋಡ ಸಿಗಲಿಲ್ಲ. ಇನಾಮು ಕೊಟ್ಟು ಕಳಿಸೋಣ ಎಂದೆವು. ಅವಳು ಕೈ ಚಾಚಲಿಲ್ಲ. “ಹಿಡಿಯಾಕ ಬಂದೀನ್ರಿ, ಇಸಗೊಳ್ಳಾಕ ಬಂದಿಲ್ಲ” ಎಂದಳು. ವಸ್ತಾದರು ಮುಂದಿನ ವರ್ಷಕ್ಕೆ ಮೂರು ಊರಿನ ಶಾಲೆ ತಿರುಗಿ ನಾಲ್ಕು ಹುಡುಗಿಯರನ್ನು ಒಪ್ಪಿಸಿದರು. ಪೇಟೆಯಲ್ಲಿ ಎದುರಾಳಿಯನ್ನು ಹುಡುಕಿಕೊಂಡು ಊರೂರು ಅಲೆಯುವ ವ್ಯಾಪಾರಿ ಇದ್ದರೆ ನನಗೆ ತೋರಿಸಿ.

ವಹಿಯನ್ನು ನಾನು ಈಗ ಹೊಸ ಹುಡುಗರಿಗೆ ಕೊಟ್ಟಿದ್ದೇನೆ. ಗಡಿಯ ಈಚೆಯ, ಆಚೆಯ ಜಾತ್ರೆ ಕಮಿಟಿಯವರಿಗೆ ನನ್ನದೊಂದು ಅರಿಕೆ. ನಂಬರ್ ಒಂದರ ಇನಾಮನ್ನು ವರ್ಷವರ್ಷ ಏರಿಸುವ ಪೈಪೋಟಿ ಸಾಕು. ಆ ಏರಿಕೆಯ ಹಣದಲ್ಲಿ ಮೊದಲು, ಬತ್ತಾಸು-ಕೊಬ್ಬರಿಗೆ ಹಿಡಿಯುವ ಸಣ್ಣ ಹುಡುಗ ಹುಡುಗಿಯರ ಇನಾಮು ಹೆಚ್ಚಿಸಿ. ಮೈದಾನದ ಅಂಚಿನಲ್ಲಿ ಒಬ್ಬ ಡಾಕ್ಟರು, ಒಂದು ಆಂಬುಲೆನ್ಸು ನಿಲ್ಲಲಿ. ವರ್ಗಣಿಯ ಒಂದು ಪಾಲನ್ನು ಬೇರೆ ತೆಗೆದಿಟ್ಟು, ನಿಮ್ಮ ಮಣ್ಣಿನಲ್ಲಿ ಮೊಣಕಾಲು ಮುರಿದುಕೊಂಡ ಪೈಲ್ವಾನ ಯಾವ ಊರಿನವನಾದರೂ ಅವನ ಆಸ್ಪತ್ರೆಯ ಬಿಲ್ಲಿಗೆ ಕೊಡಿ. ಈ ಖರ್ಚಿಗೆ ಜಮಾಖರ್ಚಿನಲ್ಲಿ ಬೇರೆ ಪುಟ ಮಾಡಿ, ಗುಡಿಯ ಕಟ್ಟೆಯಲ್ಲಿ ಎಲ್ಲರೆದುರು ಓದಿ.